ನಿಮಿಷಕ್ಕೆ ಐವತ್ತು

ಹೊಸ ವರ್ಷದ ಮೊದಲ ದಿನ ಬೆಳಿಗ್ಗೆ ಹತ್ತೂಕಾಲಿಗೆ ಕಲ್ಲಿನಾಥರು ಕಚೇರಿಯಲ್ಲಿ ಎಲ್ಲರಿಗೂ ಪೇಢೆ ಹಂಚಿ, ತಮ್ಮ ಹೃದಯ ನಿಧಾನವಾಗುತ್ತಿದೆ ಎಂದು ಸಾರಿದರು. ಸಾರುವಾಗ ಅವರ ಮುಖದಲ್ಲಿ ಹೆಮ್ಮೆ ಇತ್ತು. ಎಡವಟ್ಟಾದದ್ದು ಅಲ್ಲಿಯೇ.

ಕಲ್ಲಿನಾಥರಿಗೆ ಐವತ್ತೆರಡು ವರ್ಷ. ಬಸವಕಲ್ಯಾಣದ ಒಂದು ಸರಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕರು. ಯಾವ ಕಚೇರಿ ಎಂದು ಹೇಳುವುದು ಬೇಡ. ಒಂದರ ಹೆಸರು ಹೇಳಿದರೆ ಉಳಿದವು ತಮ್ಮನ್ನು ಬಿಟ್ಟರೆಂದು ನೊಂದುಕೊಳ್ಳುತ್ತವೆ. ಇಪ್ಪತ್ತೈದು ವರ್ಷ ಒಂದೇ ಕುರ್ಚಿಯಲ್ಲಿ ಕೂತು, ಎದ್ದರೆ ಚಹಾಕ್ಕೆ ಮಾತ್ರ ಎದ್ದ ಈ ಮನುಷ್ಯನಿಗೆ ಹಿಂದಿನ ವರ್ಷ ಎಲ್ಲಿಂದಲೋ ಓಡುವ ಹುಚ್ಚು ಹತ್ತಿತು. ಕೆಂಪು ಬೂಟು ಬಂದವು. ಹಸಿರು ಬನಿಯನ್ ಬಂತು. ದಿನಾ ನಸುಕಿನಲ್ಲಿ ನಾರಾಯಣಪುರದ ಗುಡಿಯವರೆಗೆ ಓಡಿ, ಶಿವನಿಗೆ ಹೊರಗಿನಿಂದಲೇ ಕೈ ಮುಗಿದು, ಅದೇ ಓಟದಲ್ಲಿ ತಿರುಗಿ ಬರುವುದು.

ಮೊದಲ ತಿಂಗಳು ಅವರಿಗೆ ಓಡುವುದಕ್ಕಿಂತ ಉತ್ತರ ಕೊಡುವುದೇ ಹೆಚ್ಚು ದಣಿವಿನ ಕೆಲಸವಾಯಿತು. ಮೋಟಾರ್ ಸೈಕಲ್ಲಿನವರು ಪಕ್ಕಕ್ಕೆ ಬಂದು, "ಬಸ್ ತಪ್ಪೇತೇನ್ರಿ ಸಾಹೇಬ್ರ? ಹಿಂದ ಕೂಡ್ರಿ," ಎನ್ನುತ್ತಿದ್ದರು. ದನ ಕಾಯುವವರು, "ಎಮ್ಮಿ ಹಗ್ಗ ಹರಕೊಂಡದೇನ್ರಿ? ಈ ಕಡಿ ಬಂದಿಲ್ಲ ನೋಡ್ರಿ," ಎಂದು ತಾವೇ ಹೇಳುತ್ತಿದ್ದರು. ಹೊಲದಲ್ಲಿದ್ದ ಒಬ್ಬ ಮುದುಕಿಯಂತೂ ಕುಡುಗೋಲು ಹಿಡಿದು ರಸ್ತೆಗೇ ಬಂದು, "ಯಾರು ಬೆನ್ನ ಹತ್ಯಾರಪ್ಪ? ನನ್ನ ಹಿಂದ ನಿಂದರು," ಎಂದು ಧೈರ್ಯ ಕೊಟ್ಟಿದ್ದಳು.

ಆಮೇಲೆ ಊರು ಒಗ್ಗಿಕೊಂಡಿತು. ಆದರೆ ಅಷ್ಟರಲ್ಲಿ ಕಲ್ಲಿನಾಥರ ಕೈಗೆ ಒಂದು ಗಡಿಯಾರ ಬಂತು. ಅದು ವೇಳೆ ಹೇಳುವುದರ ಜೊತೆಗೆ ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದೂ ಹೇಳುತ್ತಿತ್ತು. ಚೆನ್ನಾಗಿ ಓಡುವವನ ಹೃದಯ ಗಟ್ಟಿಯಾಗುತ್ತದೆ, ಗಟ್ಟಿಯಾದ ಹೃದಯ ಸುಮ್ಮನೆ ಕೂತಾಗ ಕಡಿಮೆ ಸಲ ಬಡಿಯುತ್ತದೆ ಎಂಬುದು ಓಟಗಾರರಿಗೆಲ್ಲ ಗೊತ್ತಿರುವ ಸಂಗತಿ. ಬಸವಕಲ್ಯಾಣದಲ್ಲಿ ಅದು ಗೊತ್ತಿದ್ದದ್ದು ಕಲ್ಲಿನಾಥರೊಬ್ಬರಿಗೇ. ಹೊಸ ವರ್ಷಕ್ಕೆಂದು ಅವರು ಎರಡು ಗುರಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದರು: ಡಿಸೆಂಬರಿನಲ್ಲಿ ಹೈದರಾಬಾದಿನ ನಲವತ್ತೆರಡು ಕಿಲೋಮೀಟರ್ ಮ್ಯಾರಥಾನ್ ಓಡುವುದು, ಮತ್ತು ಐವತ್ತಕ್ಕೆ ಇಳಿದಿದ್ದ ಎದೆಬಡಿತವನ್ನು ನಲವತ್ತೈದಕ್ಕೆ ತರುವುದು.

ಎರಡನೆಯದನ್ನು ಅವರು ಬಾಯಿಬಿಟ್ಟು ಹೇಳಬಾರದಿತ್ತು. ಹೇಳಿದ್ದು ಕಚೇರಿಯ ಜವಾನ ಅಲ್ಲಾಬಕ್ಷನಿಗೆ.

"ನೋಡು ಅಲ್ಲಾಬಕ್ಷ, ನಿನ್ನ ಹಾರ್ಟು ನಿಮಿಷಕ್ಕ ಎಂಬತ್ತು ಸಲ ಬಡೀತದ. ನಂದು ಎಷ್ಟು ಗೊತ್ತೇನು? ಐವತ್ತು!"

ಅಲ್ಲಾಬಕ್ಷ ಪೇಢೆ ಅಗಿಯುವುದನ್ನು ನಿಲ್ಲಿಸಿದ. "ಯಾ ಅಲ್ಲಾ! ಉಳದ ಮೂವತ್ತು ಎಲ್ಲಿ ಹೋದವ್ರಿ?"

"ಹೋದವು. ಒಂದು ವರ್ಷದಾಗ ಇಳಿಸೇನಿ. ಈ ಡಿಸೆಂಬರ್‌ನ್ಯಾಗ ನಲವತ್ತೈದಕ್ಕ ತರ್ತೀನಿ."

"ಆಮ್ಯಾಲ?"

"ಆಮ್ಯಾಲ ನಲವತ್ತು."

"ಅದರ ಆಮ್ಯಾಲ?"

ಕಲ್ಲಿನಾಥರು ಕಿಟಕಿಯಾಚೆ ದೂರ ನೋಡಿದರು. "ಅದರ ಕೆಳಗ ಹೋದೋರು ಭಾಳ ಮಂದಿ ಇಲ್ಲ ಅಲ್ಲಾಬಕ್ಷ. ಹೋದೋರು ದೊಡ್ಡೋರು."

ಅಲ್ಲಾಬಕ್ಷ ಎರಡನೆಯ ಪೇಢೆಯನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿ ತಿರುಗಿ ಇಟ್ಟ. ಅವನು ಮೃದು ಮನಸ್ಸಿನ ಮನುಷ್ಯ. ಕಣ್ಣೊರೆಸಿಕೊಳ್ಳುತ್ತ ನೇರ ಸಾಹೇಬರ ಕೋಣೆಗೆ ಹೋದ.

ಹತ್ತು ನಿಮಿಷದಲ್ಲಿ ಕರೆ ಬಂತು. ಸಾಹೇಬರು ಎದ್ದು ನಿಂತು ಕಲ್ಲಿನಾಥರಿಗೆ ಕುರ್ಚಿ ಸರಿಸಿದರು. ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಇದು ಮೊದಲ ಸಲ.

"ಕಲ್ಲಿನಾಥ, ಆಡಿಟ್ ಮಾರ್ಚ್‌ನ್ಯಾಗ ಅದ. ಮಾರ್ಚ್ ತನಕಾ ಹ್ಯಾಂಗರ ತಡೀತೀರೇನು?"

"ಏನು ತಡೀಬೇಕ್ರಿ ಸರ್?"

"ಹೋಗೋದು."

ಕಲ್ಲಿನಾಥರು ಗಟ್ಟಿ ಹೃದಯದ ಶಾಸ್ತ್ರವನ್ನು ಮೊದಲಿನಿಂದ ವಿವರಿಸಿದರು. ಸಾಹೇಬರು ತಲೆ ಅಲ್ಲಾಡಿಸುತ್ತ ಕೇಳಿ, ನಿಟ್ಟುಸಿರು ಬಿಟ್ಟು, "ನಮ್ಮ ಮಾವನೂ ಕಡೀ ದಿನದ ಮಟ ಹಿಂಗೇ ಅಂತಿದ್ರು. ಭಾಳ ಧೈರ್ಯದ ಮನುಷ್ಯ," ಎಂದರು. ಅಂದೇ ಮಧ್ಯಾಹ್ನ ಕಲ್ಲಿನಾಥರ ಮೇಜು ಮಾಳಿಗೆಯಿಂದ ನೆಲಮಹಡಿಗೆ ಇಳಿಯಿತು. ಭಾರದ ರಿಜಿಸ್ಟರುಗಳು ಬೇರೆಯವರ ಪಾಲಾದವು. ಚಹಾ ಮೇಜಿಗೇ ಬರತೊಡಗಿತು. ನಿಜ ಹೇಳಬೇಕೆಂದರೆ ಕಲ್ಲಿನಾಥರಿಗೆ ಇದು ತೀರ ಬೇಸರದ ಸಂಗತಿಯೇನೂ ಆಗಲಿಲ್ಲ. ತಿದ್ದುವುದು ನಾಳೆಗಿರಲಿ ಎಂದುಕೊಂಡರು.

ನಾಳೆಗೆ ಬಹಳ ತಡವಾಗಿತ್ತು. ಅಲ್ಲಾಬಕ್ಷನ ಹೆಂಡತಿ ವಜೀರಬಿ ಕಲ್ಲಿನಾಥರ ಮನೆಯ ಹಿಂದಿನ ಓಣಿಯವಳು. ಅವರು ಕಚೇರಿ ಬಿಟ್ಟು ಮನೆಗೆ ಬರುವಷ್ಟರಲ್ಲಿ ಕೆಂಪು ಬೂಟು ಮಾಯವಾಗಿದ್ದವು, ಪಡಸಾಲೆಯಲ್ಲಿ ಹಾಸಿಗೆ ಹಾಸಿತ್ತು, ಹೆಂಡತಿ ಕಾಂತಾಬಾಯಿ ಬಾಗಿಲಲ್ಲೇ ಕೂತು ಅಳುತ್ತಿದ್ದಳು.

"ಓಡಬ್ಯಾಡ್ರಿ, ಓಡಬ್ಯಾಡ್ರಿ ಅಂತ ಬಡಕೊಂಡೆ. ಕೇಳಿದ್ರೇನು? ಈಗ ಎದಿ ನಿಂದರಾಕತ್ತದ!"

"ಲೇ, ನಿಂದರಾಕತ್ತಿಲ್ಲ, ಗಟ್ಟಿ ಆಗಾಕತ್ತದ."

"ಗಟ್ಟಿ ಆದ ಮ್ಯಾಲ ನಿಂದ್ರತದ," ಎಂದಳು ಕಾಂತಾಬಾಯಿ.

ತಾಯಿ ಧೂಳಮ್ಮನಿಗೆ ಎಪ್ಪತ್ತೆಂಟು. ಆಕೆ ಅಳಲಿಲ್ಲ. ಮಗನ ಮುಂಗೈ ಹಿಡಿದು ಕಣ್ಣು ಮುಚ್ಚಿ ಎಣಿಸಿದಳು. "ಇಪ್ಪತ್ತರ ಮಟ ಎಣಿಸೇನಿ. ಛಂದ ಬಡೀತದ. ಅದರ ಮ್ಯಾಲ ನನಗ ಬರಂಗಿಲ್ಲ," ಎಂದು ಕೈ ಬಿಟ್ಟು ಅಡಿಕೆ ಕತ್ತರಿಸಲು ಕೂತಳು. ಆ ಮನೆಯಲ್ಲಿ ನಡೆದ ಒಂದೇ ಒಂದು ಸರಿಯಾದ ತಪಾಸಣೆ ಅದು. ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

ಕಲ್ಲಿನಾಥರು ದವಾಖಾನೆಗೂ ಹೋಗಿ ಬಂದರು. ಡಾಕ್ಟರು ನಕ್ಕು, ಹೃದಯ ಕುದುರೆಯದಿದ್ದ ಹಾಗಿದೆ, ಯಾವ ಔಷಧವೂ ಬೇಕಿಲ್ಲ ಎಂದು ಕಾಗದದಲ್ಲಿ ಬರೆದುಕೊಟ್ಟರು. ಆ ಕಾಗದ ಮನೆಗೆ ಬಂದದ್ದೇ ತಡ, ನಿರ್ಣಾ ಊರಿನಿಂದ ಟಂಟಂ ಆಟೋ ಮಾಡಿಕೊಂಡು ಬಂದಿದ್ದ ಹನ್ನೊಂದು ಮಂದಿ ಬಳಗದವರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

"ಗುಳಿಗಿ ಬರದಿಲ್ಲಲ್ಲ?"

"ಒಂದೂ ಬರದಿಲ್ಲ."

"ಸೂಜಿ?"

"ಅದೂ ಇಲ್ಲ."

"ಅಂದ್ರ ಡಾಕ್ಟರು ಕೈ ಬಿಟ್ಟಾರ," ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕಲ್ಲಿನಾಥರು ಎದ್ದು ಕೂತು, ತಾವು ಡಿಸೆಂಬರಿನಲ್ಲಿ ಹೈದರಾಬಾದಿಗೆ ಹೋಗುವವರಿದ್ದೇವೆ ಎಂದು ಹೇಳಲು ನೋಡಿದರು. "ಹೈದರಾಬಾದ್ ಯಾಕ, ಇಲ್ಲೇ ಇರ್ರಿ. ಕಡೀಗೆ ನಿಮ್ಮ ಮಂದಿ ನಡುವ ಇರೋದು ಛಲೋ," ಎಂದು ಅವರನ್ನು ತಿರುಗಿ ಮಲಗಿಸಿದರು. ಹಾಸಿಗೆಯ ಸುತ್ತ ಬಾಳೆಹಣ್ಣು ಎಷ್ಟು ಬಿದ್ದಿತೆಂದರೆ, ರೋಗಿಯನ್ನು ನೋಡಬೇಕಾದರೆ ಗೊನೆ ಸರಿಸಿ ನೋಡಬೇಕಿತ್ತು.

ಇಲ್ಲಿಯವರೆಗಿನದು ಎಲ್ಲರ ಮನೆಯಲ್ಲೂ ನಡೆಯುವಂಥದ್ದೇ. ಮುಂದೆ ನಡೆದದ್ದು ಮಾತ್ರ ಬೇರೆ.

ಕಲ್ಲಿನಾಥರ ಒಬ್ಬನೇ ಮಗ ಅನೀಲಕುಮಾರ. ಇಪ್ಪತ್ತಾರು ವರ್ಷ, ಬಿ.ಎ. ಆಗಿದೆ. ಐದು ವರ್ಷ ಸರಕಾರಿ ಪರೀಕ್ಷೆಗಳಿಗೆ ಓದಿ ಓದಿ, ದೀಪಾವಳಿಗೆ ಸ್ವಲ್ಪ ಮುಂಚೆ ಹುಮನಾಬಾದದಲ್ಲಿ ಗೆಳೆಯನ ಸೋಲಾರ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದ. ಪರೀಕ್ಷೆಯ ಕೋಚಿಂಗಿನಲ್ಲಿ ಅವನಿಗೆ ನೌಕರಿ ಸಿಗದಿದ್ದರೂ ಶೀತಲ್ ಎಂಬ ಹುಡುಗಿಯ ಪರಿಚಯ ಸಿಕ್ಕಿತ್ತು. ಆಕೆಯ ತಂದೆ ಸೂರ್ಯಕಾಂತ, ಹುಮನಾಬಾದದ ದೊಡ್ಡ ಬೀಜ-ಗೊಬ್ಬರದ ಅಂಗಡಿಯವರು. ದೀಪಾವಳಿಯಲ್ಲಿ ಕಾಂತಾಬಾಯಿಯ ತಮ್ಮ ಚನ್ನಬಸಪ್ಪ ಈ ಸಂಬಂಧ ಕೇಳಲು ಹೋದಾಗ ಸೂರ್ಯಕಾಂತ ಹುಡುಗನ ಫೋಟೋ ಕೂಡ ನೋಡಲಿಲ್ಲ. "ಸರಕಾರಿ ನೌಕರಿ ಆದ ದಿನ ಬರ್ರಿ, ಅವತ್ತೇ ಚಹಾ ಕುಡಿಯೂಣು," ಎಂದು ನೀರೂ ಕೊಡದೆ ಕಳಿಸಿದ್ದರು.

ಅದೇ ಸೂರ್ಯಕಾಂತ ಈಗ ಸಂಕ್ರಮಣದ ಮರುದಿನ, ಎಳ್ಳು-ಬೆಲ್ಲದ ಡಬ್ಬಿ ಹಿಡಿದು, ಚನ್ನಬಸಪ್ಪನ ಜೊತೆ ತಾವಾಗಿ ಮನೆಗೆ ಬಂದರು. ಅನೀಲಕುಮಾರ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕಾಲಿಗೆ ಬಿದ್ದ. ಸೂರ್ಯಕಾಂತ ಅವನ ಬೆನ್ನು ತಟ್ಟಿ ಆಚೆ ಸರಿಸಿ, ನೇರ ಕಲ್ಲಿನಾಥರ ಹಾಸಿಗೆಯ ಪಕ್ಕ ಕೂತರು. ಅವರು ನೋಡಲು ಬಂದದ್ದು ವರನ ತಂದೆಯನ್ನು.

"ಸರ್ವಿಸ್ ಇನ್ನ ಎಷ್ಟು ಅದ್ರಿ?"

"ಎಂಟು ವರ್ಷ."

"ಎಂಟು!" ಸೂರ್ಯಕಾಂತರ ಕಣ್ಣು ಹೊಳೆಯಿತು. "ಎದಿ ಬಡಿತ?"

"ಐವತ್ತು."

"ಇನ್ನ ಇಳೀತದೇನ್ರಿ?"

ಕಲ್ಲಿನಾಥರು ಎದ್ದು ಕೂತರು. ಹದಿನೈದು ದಿನದಲ್ಲಿ ಈ ವಿಷಯವನ್ನು ಅಳದೆ ಕೇಳಿದ ಮೊದಲ ಮನುಷ್ಯ ಇವರು! "ಇಳೀಲೇಬೇಕ್ರಿ. ಡಿಸೆಂಬರ್‌ಗೆ ನಲವತ್ತೈದು. ಗುರಿ ಬರದು ಕಪಾಟಿಗೆ ಹಚ್ಚೇನಿ ನೋಡ್ರಿ."

ಸೂರ್ಯಕಾಂತ ಕಪಾಟಿನ ಬಾಗಿಲನ್ನು ಓದಿ ಬಂದರು. ಅವರ ದನಿ ತೊಡರಿತು. "ತಾರೀಕು ಹಾಕೊಂಡು ಮಾಡೋರ್ನ ನಾ ನೋಡಿದ್ದಿಲ್ರಿ."

"ಗುರಿ ಇಲ್ಲದ ಏನೂ ಆಗಂಗಿಲ್ರಿ. ಮನಿಯವರು ಬ್ಯಾಡ ಅಂತಾರ. ಬೂಟು ಬಚ್ಚಿಟ್ಟಾರ. ಆದ್ರ ನಾ ಬಿಡಾಂವ ಅಲ್ಲ."

"ಮಗನ ಸಲುವಾಗಿ ಇಷ್ಟು ಮಾಡ್ತೀರೇನ್ರಿ?"

"ಅವನಿಗೂ ಒಂದು ದಾರಿ ಆಗ್ಬೇಕಲ್ರಿ," ಎಂದರು ಕಲ್ಲಿನಾಥರು, ಮಗನೂ ನಾಳೆ ತಮ್ಮನ್ನು ನೋಡಿ ಓಡಲು ಕಲಿಯಲಿ ಎಂಬ ಅರ್ಥದಲ್ಲಿ.

ಸೂರ್ಯಕಾಂತ ಎರಡೂ ಕೈ ಜೋಡಿಸಿದರು. ಕಲ್ಲಿನಾಥರೂ ಕೈ ಜೋಡಿಸಿದರು. ಇಬ್ಬರಲ್ಲಿ ಯಾರೂ ಒಂದು ಅಕ್ಷರ ಸುಳ್ಳು ಹೇಳಲಿಲ್ಲ, ಇಬ್ಬರಿಗೂ ಪರಮ ತೃಪ್ತಿಯಾಯಿತು. ನಿಶ್ಚಿತಾರ್ಥಕ್ಕೆ ಜನವರಿಯ ಕೊನೆಯ ಭಾನುವಾರ, ಹುಮನಾಬಾದದ ಕಲ್ಯಾಣ ಮಂಟಪ ಎಂದು ಗೊತ್ತಾಯಿತು. "ತಡಾ ಮಾಡೋದು ಬ್ಯಾಡ್ರಿ," ಎಂದು ಸೂರ್ಯಕಾಂತ ಮೂರು ಸಲ ಹೇಳಿ ಹೋದರು.

ಓಟವನ್ನು ಬಲ್ಲ ಬೀಗರು ಸಿಕ್ಕಿದ ಸಂತೋಷದಲ್ಲಿ ಕಲ್ಲಿನಾಥರು ಹತ್ತು ದಿನ ಕಳೆದರು. ನಿಶ್ಚಿತಾರ್ಥದ ಹಿಂದಿನ ದಿನ, ಶನಿವಾರ, ಮನೆಯವರೆಲ್ಲ ಅರಿವೆ-ಅಂಚಡಿಯ ಗದ್ದಲದಲ್ಲಿದ್ದಾಗ ತಮ್ಮ ಬೂಟು ಹುಡುಕತೊಡಗಿದರು. ಜೋಳದ ಡಬ್ಬದಲ್ಲಿ ಕೈ ಹಾಕಿದಾಗ ಬೂಟೂ ಸಿಕ್ಕವು, ಬೂಟಿನ ಕೆಳಗೆ ಒಂದು ಪ್ಲಾಸ್ಟಿಕ್ ಫೈಲೂ ಸಿಕ್ಕಿತು.

ಒಳಗೆ ಅನೀಲಕುಮಾರನ ಅಂಕಪಟ್ಟಿಗಳು, ಫೋಟೋಗಳು, ವಂಶಾವಳಿ, ಜಾತಿ ಪ್ರಮಾಣಪತ್ರ ಇದ್ದವು. ಮೇಲೆ ಒಂದು ಅರ್ಜಿ: ಸೇವೆಯಲ್ಲಿರುವಾಗಲೇ ಮೃತರಾದ ನೌಕರನ ಮಗನಿಗೆ ಅನುಕಂಪದ ಆಧಾರದ ಮೇಲೆ ನೌಕರಿ ಕೋರಿ. ಜೊತೆಗೆ ಚನ್ನಬಸಪ್ಪನ ಅಕ್ಷರದಲ್ಲಿ ಬೇಕಾದ ಕಾಗದಗಳ ಪಟ್ಟಿ. ಎಲ್ಲದರ ಮುಂದೆ ಸರಿ ಗುರುತು ಬಿದ್ದಿತ್ತು. ಕೊನೆಯದರ ಮುಂದೆ ಮಾತ್ರ 'ಬಾಕಿ' ಎಂದಿತ್ತು. ಕೊನೆಯದು ಮರಣ ಪ್ರಮಾಣಪತ್ರ.

ಇಪ್ಪತ್ತೈದು ವರ್ಷದ ಅಭ್ಯಾಸ. ಕಲ್ಲಿನಾಥರು ಮೊದಲು ಕಿಸೆಯಿಂದ ಪೆನ್ನು ತೆಗೆದು ತಮ್ಮ ಹುದ್ದೆಯ ಹೆಸರಿನಲ್ಲಿದ್ದ ಒಂದು ತಪ್ಪನ್ನು ತಿದ್ದಿದರು. ಆಮೇಲೆ ಸಿಟ್ಟಿಗೆದ್ದರು.

"ಚನ್ನಬಸಪ್ಪಾ!"

ಚನ್ನಬಸಪ್ಪ ಬಂದ, ಫೈಲು ನೋಡಿದ, ಕೆಳಗೆ ಕೂತ. "ಭಾವ, ತಪ್ಪು ತಿಳಕೋಬ್ಯಾಡ್ರಿ. ನೀವು ಹೋಗ್ರಿ ಅಂತ ಯಾರು ಅಂದಾರ? ಹೋದ್ರ ಅಂತ. ಮುಂಜಾಗ್ರತಿ."

"ಸೂರ್ಯಕಾಂತಗ ಇದು ಗೊತ್ತದೇನು?"

"ಲಿಸ್ಟ್ ಅವರೇ ಕೊಟ್ಟಾರ."

"ನಾ ಹೋಗಲಿಲ್ಲಂದ್ರ?"

ಚನ್ನಬಸಪ್ಪ ತಲೆ ಕೆರೆದುಕೊಂಡ. "ಹೋಗಲಿಲ್ಲಂದ್ರ ಲಗ್ನ ಇಲ್ರಿ."

ಕಾಂತಾಬಾಯಿ ಅಡುಗೆಮನೆಯಿಂದ ಬಂದು ಫೈಲು ನೋಡಿ ತಮ್ಮನ ತಲೆಯ ಮೇಲೆ ಲಟ್ಟಣಿಗೆ ಎತ್ತಿದಳು. ಅನೀಲಕುಮಾರ ಬಾಗಿಲಲ್ಲಿ ನಿಂತಿದ್ದ, ಮುಖ ಬಿಳಚಿಕೊಂಡಿತ್ತು. "ಅಪ್ಪಾ, ಕಾಗದ ಕೇಳಿದಾಗ ನೌಕರಿ ಪರೀಕ್ಷಾಕ್ಕ ಅಂತ ಕೊಟ್ಟೆ. ಯಾತಕ್ಕ ಅಂತ ನಿನ್ನೆ ಗೊತ್ತಾತು. ಸಹಿ ಮಾಡಿಲ್ಲ," ಎಂದ. "ಹೇಳಬೇಕಂತ ಎರಡು ಸಲ ಬಂದೆ. ನೀವು ಮಲಗಿದ್ರಿ."

"ಮಲಗಿಸಿದ್ರಿ," ಎಂದರು ಕಲ್ಲಿನಾಥರು. ಮಗನ ಕಡೆ ನೋಡದೆ, ಬೂಟಿನೊಳಗಿನ ಜೋಳ ಝಾಡಿಸಿ, ಅವನ್ನು ತಲೆದಿಂಬಿನ ಬದಿಗಿಟ್ಟುಕೊಂಡು ಮಲಗಿದರು.

ಬೆಳಗಿನ ಐದೂವರೆಗೆ ಅವರು ಹೊಸ್ತಿಲು ದಾಟುವಾಗ ಎಚ್ಚರವಿದ್ದವಳು ಧೂಳಮ್ಮ ಒಬ್ಬಳೇ. ಅಗುಳಿ ತೆಗೆದವಳೂ ಆಕೆಯೇ.

"ಎಲ್ಲಿಗೋ?"

"ಹುಮನಾಬಾದಕ್ಕ. ಓಡಿ ಹೋಗ್ತೀನಿ. ನಾಲ್ಕು ಮಂದಿ ಮುಂದ ನಿಂತು ನಾ ಗಟ್ಟಿ ಅದೇನಿ ಅಂತ ಹೇಳ್ತೀನಿ."

"ಹೋಗು. ಹಿಂದ ನೋಡಬ್ಯಾಡ, ಹಿಡೀತಾರ."

ಬಸವಕಲ್ಯಾಣದಿಂದ ಹುಮನಾಬಾದ ಮೂವತ್ತು ಕಿಲೋಮೀಟರಿನ ಹತ್ತಿರ. ಕಲ್ಲಿನಾಥರು ಜನ್ಮದಲ್ಲಿ ಒಂದೇ ಸಲಕ್ಕೆ ಹದಿನಾರಕ್ಕಿಂತ ಹೆಚ್ಚು ಓಡಿದವರಲ್ಲ, ಮೇಲಾಗಿ ಇಪ್ಪತ್ತೈದು ದಿನ ಕಚೇರಿ ಬಿಟ್ಟರೆ ಹಾಸಿಗೆಯಲ್ಲೇ ಬಾಳೆಹಣ್ಣು ತಿಂದವರು. ಆದರೆ ಸಿಟ್ಟು ಒಳ್ಳೆಯ ತರಬೇತುದಾರ. ಸಸ್ತಾಪುರ ಬಂಗ್ಲಾ ಕ್ರಾಸ್ ದಾಟಿ ಹೆದ್ದಾರಿಗೆ ಬೀಳುವವರೆಗೆ ಅವರಿಗೆ ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ.

ಇತ್ತ ಮನೆಯಲ್ಲಿ ಹಾಸಿಗೆ ಖಾಲಿ ಕಂಡು ಚನ್ನಬಸಪ್ಪ ನಾಲ್ಕೂ ದಿಕ್ಕಿಗೆ ಫೋನು ಹಚ್ಚಿದ: ಹೃದ್ರೋಗಿ ತಪ್ಪಿಸಿಕೊಂಡಿದ್ದಾರೆ, ಕೆಂಪು ಬೂಟು, ಹಸಿರು ಬನಿಯನ್. ಏಳೂವರೆಗೆ ಹೆದ್ದಾರಿಯಲ್ಲಿ ಒಂದು ಪೊಲೀಸ್ ಜೀಪು ಕಲ್ಲಿನಾಥರ ಪಕ್ಕಕ್ಕೆ ಬಂತು.

"ನಿಂದರ್ರಿ! ದವಾಖಾನಿ ಬಿಟ್ಟು ಓಡಿ ಬಂದೀರಂತ?"

"ದವಾಖಾನಿ ಅಲ್ರಿ, ಮನಿ," ಎಂದರು ಕಲ್ಲಿನಾಥರು, ಓಡುತ್ತಲೇ.

"ಮನಿ ಬಿಟ್ಟು ಯಾಕ ಓಡಾಕತ್ತೀರಿ, ಈ ವಯಸ್ಸಿನ್ಯಾಗ?"

"ಮ್ಯಾರಥಾನ್ ಸಲುವಾಗಿ!"

ಪೊಲೀಸರು ಒಂದು ಕ್ಷಣ ವಿಚಾರ ಮಾಡಿ ದನಿ ತಗ್ಗಿಸಿದರು. "ಆಕಿ ಯಾರು? ಎಲ್ಲಿಯವಳು?"

ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಅದರಿಂದ ಗಜಾಲಾ ಎಂಬ ಎಳೆಯ ನರ್ಸ್ ಇಳಿದಳು. ಆಕೆಯೂ ಪಕ್ಕದಲ್ಲಿ ಓಡುತ್ತಲೇ ಕಲ್ಲಿನಾಥರ ಕೈ ಹಿಡಿದು ನಾಡಿ ನೋಡಿದಳು, ಹುಬ್ಬೇರಿಸಿದಳು. "ಅಂಕಲ್, ನೀವು ಆರಾಮ ಅದೀರಿ. ಆದ್ರ ಫೋನ್ ಬಂದ ಮ್ಯಾಲ ಪೇಷಂಟ್‌ಗ ರಸ್ತಾದಾಗ ಬಿಟ್ಟು ಹೋಗಾಕ ಬರಂಗಿಲ್ಲ. ಒಳಗ ಕೂಡ್ರಿ."

"ಕೂಡಂಗಿಲ್ಲ."

"ಹಂಗಾರ ಹಿಂದ ಬರ್ತೀವ್ರಿ. ರೂಲ್ ಅದ."

ಹೀಗಾಗಿ ಮುಂದೆ ಕಲ್ಲಿನಾಥರು, ಹಿಂದೆ ಕೆಂಪು ದೀಪ ತಿರುಗಿಸುತ್ತ ಆಂಬುಲೆನ್ಸ್, ಅದರ ಹಿಂದೆ ಪೊಲೀಸ್ ಜೀಪು, ಅದರ ಹಿಂದೆ ದಾರಿ ಸಿಗದ ಹದಿನಾಲ್ಕು ಕಬ್ಬಿನ ಟ್ರ್ಯಾಕ್ಟರು. ಈ ಮೆರವಣಿಗೆ ರಾಜೇಶ್ವರ ಗ್ರಾಮ ಮುಟ್ಟುವಾಗ ರಸ್ತೆಯ ಎರಡೂ ಬದಿಗೆ ಜನ ಕೂಡಿತ್ತು. ಪೊಲೀಸ್ ಬೆಂಗಾವಲಿನಲ್ಲಿ ಇಷ್ಟು ನಿಧಾನ ಹೋಗುವವರು ನಾಯಕರಲ್ಲದೆ ಯಾರು? ಯಾರೋ ಹಾರ ಹಾಕಿದರು. ಬಿಳಿ ಅಂಗಿಯ ಒಬ್ಬರು ಜೊತೆಗೆ ನೂರು ಹೆಜ್ಜೆ ಓಡಿ, ಫೋಟೋ ತೆಗೆಸಿಕೊಂಡು, ಸ್ಕೂಟರಿನಲ್ಲಿ ಮರಳಿದರು. ಒಬ್ಬ ಅಜ್ಜ ಬೋರ್‌ವೆಲ್ ಕೆಟ್ಟು ಆರು ತಿಂಗಳಾಯಿತೆಂಬ ಅರ್ಜಿಯನ್ನು ಬನಿಯನ್ನಿನೊಳಗೆ ತುರುಕಿದ. ಕಲ್ಲಿನಾಥರು ಅದನ್ನು ಬೀಳಿಸದೆ ಓಡಿದರು. ಅರ್ಜಿ ಕೈಬಿಡುವುದು ಅವರ ಸ್ವಭಾವದಲ್ಲಿರಲಿಲ್ಲ.

ಕೊನೆಯ ಐದು ಕಿಲೋಮೀಟರನ್ನು ಅವರು ಹೇಗೆ ಮುಗಿಸಿದರೆಂದು ಅವರಿಗೇ ನೆನಪಿಲ್ಲ. ಗಜಾಲಾ ಹೇಳುವ ಪ್ರಕಾರ ಅದು ಓಟವಾಗಿರಲಿಲ್ಲ; ಮುಂದಕ್ಕೆ ಬೀಳುತ್ತಿದ್ದರು, ಬೀಳುವಷ್ಟರಲ್ಲಿ ಇನ್ನೊಂದು ಕಾಲು ಬಂದು ಹಿಡಿಯುತ್ತಿತ್ತು.

ಹತ್ತೂ ಹತ್ತಕ್ಕೆ ಕಲ್ಯಾಣ ಮಂಟಪದ ಬಾಗಿಲು. ಒಳಗೆ ನಾನೂರು ಜನ. ಬಾಡಿಗೆ ಜೀಪಿನಲ್ಲಿ ಬೇರೆ ದಾರಿಯಿಂದ ಬಂದ ಮನೆಯವರು ಮೊದಲೇ ಮುಟ್ಟಿ, ಕಂಡಕಂಡವರಿಗೆಲ್ಲ ಫೋನು ಹಚ್ಚುತ್ತ ಕೂತಿದ್ದರು. ವೇದಿಕೆಯ ಮೇಲೆ ಅನೀಲಕುಮಾರ ಮತ್ತು ಹಸಿರು ಸೀರೆಯ ಶೀತಲ್, ನಡುವೆ ಉಂಗುರದ ತಟ್ಟೆ ಹಿಡಿದ ಪುರೋಹಿತ ಅಯ್ಯನವರು. ಕಲ್ಲಿನಾಥರು ಹಾರದ ಸಮೇತ ನಡುದಾರಿಯಲ್ಲಿ ಬಂದು ನಿಂತರು. ರಾಜೇಶ್ವರದಿಂದ ಬಾಯಿಪಾಠ ಮಾಡಿಕೊಂಡು ಬಂದ ಮಾತು ಒಂದೇ: ನಾನು ಗಟ್ಟಿಯಾಗಿದ್ದೇನೆ. ಎರಡೂ ಕೈ ಎತ್ತಿದರು. ಬಾಯಿ ತೆರೆದರು. ಅದೇ ಗಳಿಗೆಗೆ ಎರಡೂ ಮೀನಖಂಡಗಳು ಹಿಡಿದುಕೊಂಡು, ಗೊಬ್ಬರದ ಚೀಲ ಉರುಳಿದ ಹಾಗೆ ಧೊಪ್ಪನೆ ಬಿದ್ದರು.

ಕಾಂತಾಬಾಯಿ ಚೀರಿದಳು. ನಿರ್ಣಾದವರು ಎದ್ದು ನಿಂತರು. ನಾನೂರು ಜನರಲ್ಲಿ ಬುದ್ಧಿ ಸ್ಥಿಮಿತದಲ್ಲಿದ್ದದ್ದು ಒಬ್ಬರಿಗೇ.

"ಉಂಗುರಾ!" ಎಂದು ಕೂಗಿದರು ಸೂರ್ಯಕಾಂತ. "ಅ‌ಯ್ಯನವರ, ಉಂಗುರಾ ಹಾಕಸ್ರಿ! ಜಲ್ದಿ!"

"ಮುಹೂರ್ತಕ್ಕ ಇನ್ನ ಇಪ್ಪತ್ತು ನಿಮಿಷ ಅದ್ರಿ."

"ನಿಮಗ ಇಪ್ಪತ್ತು ನಿಮಿಷ ಅದ, ಅವರಿಗಿಲ್ಲ!"

ಗಜಾಲಾ ಓಡಿ ಬಂದು ನೆಲದ ಮೇಲೆ ಕೂತು ನಾಡಿ ಹಿಡಿದಳು. ಮೆಲ್ಲಗೆ ಕಿವಿಯಲ್ಲಿ, "ಅಂಕಲ್, ಏನೂ ಆಗಿಲ್ಲ. ಬರೇ ಕಾಲು ಹಿಡಕೊಂಡಾವ. ಉಪ್ಪು ನೀರು ಕುಡದು ಏಳ್ರಿ," ಎಂದಳು.

ಕಲ್ಲಿನಾಥರು ಒಂದು ಕಣ್ಣು ತೆರೆದರು. ವೇದಿಕೆ ಕಂಡಿತು. ಮಗ ಕಂಡ. ಐದು ವರ್ಷ ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಕಂಡಿದ್ದ ಅದೇ ಮುಖ. ಪಕ್ಕದಲ್ಲಿ ಆ ಹುಡುಗಿ ಯಾರೂ ನೋಡದ ಹಾಗೆ ಅವನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಕಲ್ಲಿನಾಥರು ಕಣ್ಣು ಮುಚ್ಚಿಕೊಂಡರು.

"ತಂಗಿ, ಐದು ನಿಮಿಷ ತಡಿ."

"ಯಾಕ್ರಿ?"

"ಉಂಗುರ ಆಗ್ಲಿ."

"ಸುಳ್ಳು ಬರಿಯಾಕ ಬರಂಗಿಲ್ರಿ ಅಂಕಲ್."

"ಬರೀಬ್ಯಾಡ. ಸುಮ್ಮ ಕೈ ಹಿಡಕೊಂಡು ಕೂಡು. ಮುಖಾ ಸಣ್ಣ ಮಾಡು."

ನಾಲ್ಕು ಮಂದಿಯ ಮುಂದೆ ಗಟ್ಟಿ ಎನ್ನಿಸಿಕೊಳ್ಳಲು ಮೂವತ್ತು ಕಿಲೋಮೀಟರ್ ಓಡಿ ಬಂದ ಮನುಷ್ಯ, ನಾನೂರು ಮಂದಿಯ ಮುಂದೆ ಸಾಧ್ಯವಾದಷ್ಟು ಸಾಯುವವನ ಹಾಗೆ ಮಲಗಿದರು. ಒಂದು ಸಲ ಮೆಲ್ಲಗೆ ನರಳಿದರು ಕೂಡ.

ಅಯ್ಯನವರು ಗಡಿಬಿಡಿಯಿಂದ ಉಂಗುರವನ್ನು ಅನೀಲಕುಮಾರನ ಕೈಗಿಟ್ಟರು. ಅವನು ಉಂಗುರ ನೋಡಿದ, ಅಪ್ಪನ ಕೆಂಪು ಬೂಟು ನೋಡಿದ; ಅಪ್ಪ ಒಂದು ಕಣ್ಣು ತೆರೆದು ಮುಚ್ಚಿದ್ದನ್ನೂ ನೋಡಿದ್ದ. ತನ್ನ ಜೀವಮಾನದಲ್ಲಿ ಯಾರ ಮಾತಿಗೂ ಎದುರಾಡದ ಆ ಹುಡುಗ, ಬಂದ ಹಿರಿಯರ ಹೆಸರು ಕೂಗುತ್ತಿದ್ದವನ ಕೈಯಿಂದ ಮೈಕು ಕಸಿದುಕೊಂಡ.

"ನಮ್ಮಪ್ಪಗ ಏನೂ ಆಗಿಲ್ಲ. ಅವರು ಬಸವಕಲ್ಯಾಣದಿಂದ ಓಡಿ ಬಂದಾರ. ಈಗ ಮಲಗ್ಯಾರಂದ್ರ ನನ್ನ ಸಲುವಾಗಿ ಮಲಗ್ಯಾರ." ಮೈಕನ್ನು ಎರಡೂ ಕೈಯಿಂದ ಹಿಡಿದ. "ಅವರ ನೌಕರಿ ನನಗ ಬರಂಗಿಲ್ಲ, ಬರೋದೂ ಬ್ಯಾಡ. ನಾ ಸೋಲಾರ್ ಅಂಗಡಿಯಾಗ ಕೆಲಸ ಮಾಡ್ತೀನಿ. ಇದು ಗೊತ್ತಿದ್ದು ಕೊಡೋದಾದ್ರ ಹೆಣ್ಣು ಕೊಡ್ರಿ. ಇಲ್ಲಂದ್ರ ಈಗೇ ಹೋಗ್ತೀವಿ."

ಕಲ್ಲಿನಾಥರ ಪರಿಸ್ಥಿತಿ ಕಠಿಣವಾಯಿತು. ಇಷ್ಟಾದ ಮೇಲೆ ಮಲಗಿರುವುದು ಹೇಗೆ, ಏಳುವುದು ಹೇಗೆ? ಎರಡೂ ಕಣ್ಣಿಂದ ನೀರು ಇಳಿಯುತ್ತಿದ್ದುದನ್ನು ಗಜಾಲಾ ತನ್ನ ದುಪಟ್ಟಾದಿಂದ ಒರೆಸಿದಳು.

"ಯಾವ ನೌಕರಿ?" "ಯಾರ ನೌಕರಿ?" ಎಂದು ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಕೂತವರೆಲ್ಲ ಹೆಚ್ಚಾಗಿ ಸೂರ್ಯಕಾಂತರ ಅಂಗಡಿಯಲ್ಲಿ ಬೀಜ ಒಯ್ಯುವ ರೈತರು. ಸೂರ್ಯಕಾಂತರ ಮುಖದ ಬಣ್ಣ ಬದಲಾಗಿ, ಅವರು ಬಾಯಿ ತೆರೆಯುವಷ್ಟರಲ್ಲಿ ಶೀತಲ್ ಮೈಕು ತೆಗೆದುಕೊಂಡಳು. ಆಕೆಯ ದನಿ ಬಲು ಮೆತ್ತಗಿತ್ತು.

"ಅಪ್ಪಾ, ಮಾವನವರು ಆರಾಮ ಅದಾರಂತ. ನಿಮಗ ಖುಷಿ ಆಗ್ಲಿಲ್ಲೇನು?"

ಎಂದು ಮೈಕನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದಳು.

ಸೂರ್ಯಕಾಂತ ಮಗಳನ್ನು ನೋಡಿದರು, ನೆಲದ ಮೇಲಿನ ಬೀಗರನ್ನು ನೋಡಿದರು, ನಾನೂರು ಗಿರಾಕಿಗಳನ್ನು ನೋಡಿದರು. ಬೀಗನೊಬ್ಬ ಬದುಕಿದ್ದಾನೆಂದು ಲಗ್ನ ಮುರಿದೆ ಎಂದು ಮೈಕಿನಲ್ಲಿ ಹೇಳುವ ಧೈರ್ಯ ಯಾವ ವ್ಯಾಪಾರಿಗೂ ಇರುವುದಿಲ್ಲ.

"ಖುಷಿ... ಖುಷಿನೇ ಆತು."

"ಗಟ್ಟಿ ಹೇಳ್ರಿ, ಹಿಂದ ಕೇಳವಲ್ದು!" ಎಂದಿತು ಒಂದು ದನಿ. ಅದು ಧೂಳಮ್ಮನದು, ಆಕೆ ಮುಂದಿನ ಸಾಲಿನಲ್ಲಿಯೇ ಕೂತಿದ್ದಳು.

ಸೂರ್ಯಕಾಂತ ಗಂಟಲು ಸರಿಮಾಡಿಕೊಂಡು, ಸಂತಾಪ ಸಭೆಯಲ್ಲಿ ನಿರ್ಣಯ ಓದುವವರ ದನಿಯಲ್ಲಿ, "ನಮ್ಮ ಬೀಗರು ನೂರು ವರ್ಷ ಬಾಳಲಿ," ಎಂದರು. ಚಪ್ಪಾಳೆ ಬಿತ್ತು. ಆ ಗದ್ದಲದಲ್ಲಿ ಶೀತಲ್ ತಟ್ಟೆಯಿಂದ ಇನ್ನೊಂದು ಉಂಗುರ ತೆಗೆದು ತಾನೇ ಅನೀಲಕುಮಾರನ ಬೆರಳಿಗೆ ಹಾಕಿಬಿಟ್ಟಳು.

ಆಮೇಲೆ ಫೋಟೋ. ಎರಡೂ ಮನೆಯ ಹಿರಿಯರು ವೇದಿಕೆಗೆ ಬರಬೇಕೆಂದು ಫೋಟೋದವನು ಕೂಗಿದ. ಕಲ್ಲಿನಾಥರ ಕಾಲು ಕಟ್ಟಿಗೆಯಾಗಿದ್ದವು, ಎದ್ದರೆ ನಿಲ್ಲುತ್ತಿರಲಿಲ್ಲ. ಮಗ ಎತ್ತಿ ತಂದು ನಿಲ್ಲಿಸಿದನಾದರೂ, ಅವನು ಹುಡುಗಿಯ ಪಕ್ಕ ಹೋಗಬೇಕಿತ್ತು. ಹೀಗಾಗಿ ಹಿಡಿದುಕೊಳ್ಳುವ ಕೆಲಸ ಪಕ್ಕದಲ್ಲಿದ್ದ ಸೂರ್ಯಕಾಂತರ ಮೇಲೆ ಬಿತ್ತು. ಬಿಟ್ಟರೆ ಬೀಗರು ಮತ್ತೆ ಬೀಳುತ್ತಾರೆ, ಬಿದ್ದರೆ ಜನ ಮತ್ತೆ ಕೇಳುತ್ತಾರೆ. ಅವರು ಎರಡೂ ಕೈಯಿಂದ ಕಲ್ಲಿನಾಥರ ಸೊಂಟ ಬಳಸಿ, ಎದೆಗೆ ಅವುಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ನಿಂತರು.

ಆ ಫೋಟೋ ಈಗ ಬಸವಕಲ್ಯಾಣದ ಮನೆಯ ಪಡಸಾಲೆಯಲ್ಲಿದೆ. ಬಂದವರೆಲ್ಲ ಅದರ ಮುಂದೆ ನಿಂತು, ಇಂಥ ಪ್ರೀತಿಯ ಬೀಗರು ಈ ಕಾಲದಲ್ಲಿ ಸಿಗುವುದಿಲ್ಲ ಎನ್ನುತ್ತಾರೆ. ಕಲ್ಲಿನಾಥರು ಹೌದೆನ್ನುತ್ತಾರೆ.